ಎಲ್ಲಿ ನೋಯುತ್ತದೆ ಎಂದು ಕೇಳಿದ ಟೇಪಕ್ಕ

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯವರಿಗೆ ಗಾಳಿ ಹಾಯಿಸುವ ಯಂತ್ರದ ಬಗ್ಗೆ ವೈದ್ಯರು ಬರೆದಿದ್ದಾರೆ, ಎಂಜಿನಿಯರುಗಳು ಬರೆದಿದ್ದಾರೆ. ಆದರೆ ಆ ಯಂತ್ರದ ಮಾಸ್ಕನ್ನು ಮುಖಕ್ಕೆ ಹಿಡಿದಿಡುವ ಬಟ್ಟೆಯ ತಲೆಪಟ್ಟಿಯ ಬಗ್ಗೆ ಬರೆಯಹೊರಟವರು ನಮ್ಮ ಕಾರ್ಖಾನೆಯ ಹೊಲಿಗೆ ವಿಭಾಗದ ಬಾಗಿಲು ತಟ್ಟದೆ ವಿಧಿಯಿಲ್ಲ. ಅಲ್ಲಿ ಮೂವತ್ತೆರಡು ವರ್ಷ ಕತ್ತರಿ ಹಿಡಿದು, ಕೊನೆಯ ಹದಿನಾಲ್ಕು ವರ್ಷ ವಿನ್ಯಾಸದ ಹೊಣೆ ಹೊತ್ತು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರ ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿತ್ತು. ಹಾಗಾಗಿ ಅವರು ಎಲ್ಲರಿಗೂ ಟೇಪಕ್ಕ.

ಇಂಥ ಅಭಿನಂದನಾ ಸಂಪುಟಗಳಲ್ಲಿ ಗುಣಗಾನವೇ ತುಂಬಿರುವುದು ವಾಡಿಕೆ. ಒಪ್ಪಿಗೆ ಕೇಳಲು ಹೋದ ಸಂಪಾದಕರಿಗೆ ಟೇಪಕ್ಕ ಒಂದೇ ಷರತ್ತು ಹಾಕಿದರು: “ಅಣ್ಣನ ವಿಷಯ ಬರೀರಿ. ಅದನ್ನ ಬಿಟ್ಟು ಬರೆದ್ರೆ ಬೇರೆ ಯಾರನ್ನೋ ಹೊಗಳಿದ ಹಾಗಾಗುತ್ತೆ.”

ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಸಾಕಿದ್ದು, ಕತ್ತರಿ ಹಿಡಿಯಲು ಕಲಿಸಿದ್ದು, ದರ್ಜಿಯಾಗಿದ್ದ ಆ ಅಣ್ಣ. ಬೀದಿಗೆ ಬಾಗಿಲಿದ್ದ ಒಂದೇ ಕೋಣೆಯ ಅಂಗಡಿಯಲ್ಲಿ ತಂಗಿಯ ಹೊಲಿಗೆ ನೂಲೆಳೆಯಷ್ಟು ವಾಲಿದರೂ ಅಣ್ಣ ಮರುಮಾತಿಲ್ಲದೆ ಬಿಚ್ಚಿಹಾಕುತ್ತಿದ್ದರು. “ಪರವಾಗಿಲ್ಲ” ಎಂಬುದೇ ಅವರ ಬಾಯಿಂದ ಬೀಳುತ್ತಿದ್ದ ದೊಡ್ಡ ಮೆಚ್ಚುಗೆ. ಅದೂ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ.

ಐವತ್ತು ದಾಟಿದ ಮೇಲೆ ಅಣ್ಣ ಹೊಲಿಯುತ್ತಲೇ ತೂಕಡಿಸತೊಡಗಿದರು. ಒಂದು ದಿನ ಸೂಜಿ ಹೆಬ್ಬೆರಳಿಗೇ ಇಳಿಯಿತು. ಪರೀಕ್ಷಿಸಿದ ವೈದ್ಯರು, ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿದೆ, ಮಾಸ್ಕಿಲ್ಲದೆ ಮಲಗಿದರೆ ಹೃದಯಕ್ಕೆ ಕೇಡು ಎಂದರು. ಟೇಪಕ್ಕ ಆಗಷ್ಟೇ ತಮ್ಮ ಸ್ವಂತ ವಿನ್ಯಾಸದ ಮೊದಲ ತಲೆಪಟ್ಟಿಯನ್ನು ಮುಗಿಸಿದ್ದರು. ಪರೀಕ್ಷೆಗೆಂದು ಇಟ್ಟಿದ್ದ ಬೊಂಬೆತಲೆಗಳ ಮೇಲೆ ಅದು ಒಂದಿಷ್ಟೂ ಗಾಳಿ ಸೋರಗೊಟ್ಟಿರಲಿಲ್ಲ. ಅದನ್ನು ಅಣ್ಣನಿಗೇ ಕೊಟ್ಟರು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಣ್ಣನ ಮನೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವುದು ರೂಢಿಯಾಯಿತು.

“ಹೇಗಿತ್ತಣ್ಣ?”

“ಚೆನ್ನಾಗಿತ್ತು ಕಣೇ. ಹಾಕಿದ್ದೇ ಗೊತ್ತಾಗಲ್ಲ.”

ಕೆನ್ನೆಯ ಮೇಲೆ ಪಟ್ಟಿಯ ಗುರುತು ಎದ್ದು ಕಾಣುತ್ತಿತ್ತು. ಅದನ್ನು ನೋಡಿ ಟೇಪಕ್ಕ ನಿಶ್ಚಿಂತೆಯಿಂದ ಮುಂದೆ ಹೋಗುತ್ತಿದ್ದರು. ಹೀಗೆ ಹದಿಮೂರು ತಿಂಗಳು ಕಳೆಯಿತು. ಆಮೇಲೊಂದು ಮಧ್ಯಾಹ್ನ ಕೋಟಿನ ತೋಳು ಕತ್ತರಿಸುತ್ತಿದ್ದ ಅಣ್ಣ ಮೇಜಿನ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಯಂತ್ರವನ್ನು ಆಸ್ಪತ್ರೆಗೆ ಹಿಂತಿರುಗಿಸಲು ಹೋದಾಗ, ಅದರೊಳಗಿನ ದಾಖಲೆ ತೆರೆದು ನೋಡಿದ ತಂತ್ರಜ್ಞ ತಲೆಯೆತ್ತದೆ ಹೇಳಿದ: “ಅಕ್ಕಾ, ಮೊದಲ ವಾರ ಬಿಟ್ರೆ ಅವರು ರಾತ್ರಿ ಇದನ್ನ ಹಾಕ್ಕೊಂಡೇ ಇಲ್ಲ. ದಿನಾ ಬೆಳಿಗ್ಗೆ ಆರೂಕಾಲಿಂದ ಏಳರವರೆಗೆ, ಅಷ್ಟೇ.”

ಟೇಪಕ್ಕ ಅಲ್ಲಿಂದ ನೇರವಾಗಿ ಅತ್ತಿಗೆಯ ಬಳಿ ಹೋದರು. ಒಣಗಿದ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ಮಡಿಸುವುದನ್ನು ನಿಲ್ಲಿಸದೆಯೇ ಹೇಳಿದರು:

“ಮಗ್ಗುಲಾದ್ರೆ ಕಿವಿ ಹಿಂದಿನ ಮೂಳೆಗೆ ಹೊಲಿಗೆ ಒತ್ತುತ್ತಿತ್ತು. ಒಂದು ವಾರ ಹಲ್ಲು ಕಚ್ಚಿ ಸಹಿಸ್ಕೊಂಡ್ರು, ಆಮೇಲೆ ಆಗ್ಲಿಲ್ಲ. ನೀನು ಬರೋ ಹೊತ್ತಿಗೆ ಗುರುತು ಬಿದ್ದಿರ್ಲಿ ಅಂತ ಬೆಳಿಗ್ಗೆ ಎದ್ದು ಹಾಕ್ಕೊಂಡು ಕೂತಿರ್ತಿದ್ರು.”

“ನನಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತಿಗೆ?”

“ಹೇಳ್ತೀನಿ ಅಂದೆ. ನಿಮ್ಮಣ್ಣ, ‘ಅವಳು ಮೊದಲ ಸಲ ಸ್ವಂತವಾಗಿ ಮಾಡಿದ್ದು, ಅದನ್ನ ಬಿಚ್ಚು ಅನ್ನೋಕೆ ನನಗೆ ಬಾಯಿ ಬರಲ್ಲ’ ಅಂದ್ರು.”

ಹುಟ್ಟಿದಾರಭ್ಯ ಸುಮ್ಮನೆ ಹೊಗಳದಿದ್ದ ಅಣ್ಣ ದಿನಬೆಳಗಾದರೆ ಹೊಗಳುತ್ತಿದ್ದಾಗ ತನಗೇಕೆ ಅನುಮಾನ ಬರಲಿಲ್ಲ ಎಂಬ ಕೊರಗು ಅಂದು ಎದೆ ಹೊಕ್ಕಿದ್ದು ಇಂದಿಗೂ ಅವರನ್ನು ಬಿಟ್ಟಿಲ್ಲ.

ಹದಿನೈದು ದಿನಗಳ ನಂತರ ಕೆಲಸಕ್ಕೆ ಮರಳಿದ ಟೇಪಕ್ಕ, ಅಷ್ಟರಲ್ಲಾಗಲೇ ಮಾರಾಟಕ್ಕೆ ಬಂದು ಎಲ್ಲರೂ ಕೊಂಡಾಡುತ್ತಿದ್ದ ಆ ಪಟ್ಟಿಯ ತಯಾರಿಕೆಯನ್ನು ನಿಲ್ಲಿಸಬೇಕೆಂದು ವ್ಯವಸ್ಥಾಪಕರ ಮುಂದೆ ನಿಂತರು.

“ಒಂದು ಮನೆ ಕಥೆ ಇಟ್ಕೊಂಡು ಕಾರ್ಖಾನೆ ನಿಲ್ಲಿಸೋಕಾಗುತ್ತೇನಮ್ಮ? ಅದು ಎಲ್ಲೂ ಸೋರಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ.”

“ನಿಜ ಸರ್, ಸೋರಲ್ಲ. ಬೀರುವಿನಲ್ಲಿಟ್ಟ ಮಾಸ್ಕು ಸೋರೋದಾದ್ರೂ ಹೇಗೆ?”

ಮಾತಿಗೆ ಬಗ್ಗದವರನ್ನು ಲೆಕ್ಕ ಬಗ್ಗಿಸೀತೆಂದು, ತಮ್ಮ ರಜೆಗಳನ್ನೆಲ್ಲ ಸುರಿದು ಅವರು ಆ ಪಟ್ಟಿ ಕೊಂಡಿದ್ದ ನಲವತ್ತಮೂರು ಮನೆಗಳ ಮೆಟ್ಟಿಲು ಹತ್ತಿದರು. ಚೆನ್ನಾಗಿದೆಯೇ ಎಂದು ಒಬ್ಬರನ್ನೂ ಕೇಳಲಿಲ್ಲ. “ಎಲ್ಲಿ ನೋಯುತ್ತೆ?” ಎಂದಷ್ಟೇ ಕೇಳಿದರು. ಒಬ್ಬರ ಹಿಂದೊಬ್ಬರಂತೆ ಜನ ಬೆರಳನ್ನು ಕಿವಿಯ ಹಿಂದಕ್ಕೆ ಒಯ್ದರು. ಹತ್ತೊಂಬತ್ತು ಮಂದಿ ಮಾಸ್ಕು ಹಾಕುವುದನ್ನೇ ಬಿಟ್ಟಿದ್ದರು. ಆ ಪಟ್ಟಿಯ ತಯಾರಿಕೆ ನಿಂತಿತು.

ಹೊಸದು ರೂಪುಗೊಳ್ಳಲು ಮೂರು ವರ್ಷ ಹಿಡಿಯಿತು. ಬೊಂಬೆತಲೆ ಮಗ್ಗುಲಾಗುವುದಿಲ್ಲ ಎಂಬುದೇ ಅವರ ಮೊದಲ ಪಾಠ. ಊಟದ ಬಿಡುವಿನಲ್ಲಿ ನಮ್ಮನ್ನೆಲ್ಲ, ಕಡೆಗೆ ವ್ಯವಸ್ಥಾಪಕರನ್ನೂ, ಮಾಸ್ಕು ತೊಡಿಸಿ ಕತ್ತರಿಸುವ ಮೇಜಿನ ಮೇಲೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಿದ್ದರು. “ಬಿಗಿ ಮಾಡಿದಷ್ಟೂ ಮಾಸ್ಕಿನ ಅಂಚು ಮಡಚಿಕೊಂಡು ಸೋರುತ್ತೆ” ಎಂದು ಕಂಡುಕೊಂಡು, ಕಿವಿಯ ಬಳಿಯ ಹೊಲಿಗೆಯನ್ನು ತೆಗೆದುಹಾಕಿ, ಪಟ್ಟಿಯನ್ನು ಹಿಂದೆ ಎರಡಾಗಿ ಸೀಳಿ, ತಲೆಬುರುಡೆಯ ಬುಡವನ್ನು ಅಂಗೈ ಆನಿಸಿದ ಹಾಗೆ ಹಿಡಿಯುವಂತೆ ಮಾಡಿದರು. ಇಂದು ಸಾವಿರಾರು ಮಂದಿ ಅದನ್ನು ತೊಟ್ಟು ಮಲಗುತ್ತಾರೆ.

ಆದರೂ ಅಭಿನಂದನೆಯ ಮಾತೆತ್ತಿದರೆ ಅವರ ಮುಖ ಕಳೆಗುಂದುತ್ತದೆ. ಆ ಹತ್ತೊಂಬತ್ತು ಮಂದಿಯಲ್ಲಿ ಇಬ್ಬರು ಹೊಸ ಪಟ್ಟಿ ಬರುವ ಮೊದಲೇ ತೀರಿಕೊಂಡರು. ಆ ಎರಡೂ ಮನೆಗಳಿಗೆ ಹೋಗಿ, ಕೊಟ್ಟ ನೀರು ಕುಡಿದು ಎದ್ದು ಬಂದುದನ್ನು ಅವರು ಒಮ್ಮೆ ಮಾತ್ರ ಹೇಳಿಕೊಂಡಿದ್ದಾರೆ.

ಕಳೆದ ತಿಂಗಳು ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದ ನಿವೃತ್ತ ಶಿಕ್ಷಕಿಯೊಬ್ಬರು ವಿಭಾಗಕ್ಕೆ ಬಂದು, “ನಿಮ್ಮ ಪಟ್ಟಿ ಎರಡು ಕೈ ಇರೋರಿಗೆ ಮಾತ್ರ ಕಣ್ರೀ” ಎಂದು ಮುಖಕ್ಕೆ ಹೊಡೆದಂತೆ ಅಂದರು. ಟೇಪಕ್ಕ ಕುರ್ಚಿ ಎಳೆದು ಹಾಕಿದರು.

“ಕೂತ್ಕೊಳ್ಳಿ ಮೇಡಂ. ಇನ್ನೂ ಏನೇನು ಸರಿಯಿಲ್ಲ, ಎಲ್ಲಾ ಹೇಳಿ.”

ಒಂದೇ ಕೈಯಲ್ಲಿ ತೊಡಬಹುದಾದ ಪಟ್ಟಿಯ ನಕ್ಷೆ ಇನ್ನೂ ಅರ್ಧಕ್ಕೇ ಇದೆ. ಅದನ್ನವರು ಮನೆಗೆ ಒಯ್ಯುತ್ತಿದ್ದಾರೆ. ವಿಶ್ರಾಂತಿ ಸಿಗಲಿ ಎಂದು ಹರಸಿದರೆ ಅವರಿಗೆ ಹಿಡಿಸದು. ಆದ್ದರಿಂದ ನಮ್ಮ ಹಾರೈಕೆ ಇಷ್ಟು: ಆ ಕೆಲಸ ಮುಗಿಸಲು, ಮುಗಿದ ಮೇಲೆ ಮತ್ತೊಂದು ಹಿಡಿಯಲು ಬೇಕಾದಷ್ಟು ಆಯಸ್ಸು, ಕಣ್ಣಿನ ಬೆಳಕು, ಬೆರಳಿನ ಬಲ ಅವರಿಗಿರಲಿ, ಅವರೆದುರು ಕುಳಿತವರು ಯಾರೂ ದಾಕ್ಷಿಣ್ಯಕ್ಕೆ ಬಿದ್ದು ನೋವನ್ನು ನುಂಗದಿರಲಿ.