ಕುರಿ ಒಪ್ಪದ ರೂಪಕ

ನಮ್ಮ ರೇಡಿಯೊ ನಿಲಯದ ಗೋಡೆಯ ಮೇಲೆ ನನ್ನದೊಂದು ಪ್ರಶಸ್ತಿ ಪತ್ರ ತೂಗುತ್ತಿತ್ತು. ಅತ್ಯುತ್ತಮ ಸಾಕ್ಷ್ಯರೂಪಕ ಎಂದು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆ. ಕೂಡ್ಲಿಗಿ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಸಾಕುವ ಅಜ್ಜಿಯೊಬ್ಬಳಿದ್ದಳು. ತಬ್ಬಲಿ ಮರಿಯನ್ನು ಬೇರೆ ತಾಯಿಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಈ ಅಜ್ಜಿ ಮಾತ್ರ ಕುರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಾಡಿ ಹಾಡಿ ಒಪ್ಪಿಸುತ್ತಿದ್ದಳು. ಒಂದು ಸಾಲು ಹಾಡುವುದು, ಸುಮ್ಮನಾಗುವುದು. ಕುರಿ ಗುರ್ ಅಂದ ಮೇಲೆ ಇನ್ನೊಂದು ಸಾಲು. ಅದು ಅನ್ನುವ ತನಕ ಅವಳೂ ಕೂತೇ ಇರುತ್ತಿದ್ದಳು. ಒಂದು ಮುಂಜಾನೆ ನಾನೂ ಮೈಕು ಹಿಡಿದು ಪಕ್ಕದಲ್ಲಿ ಕೂತೆ. ಬಿಸಿಲೇರುವ ಹೊತ್ತಿಗೆ ಮರಿ ಮೊಲೆಗೆ ಬಾಯಿ ಹಾಕಿತು.

"ಪೂರಾ ಬಂತೇನಪ್ಪಾ ನಿನ್ ಡಬ್ಬ್ಯಾಗ?" ಎಂದಳು ಅಜ್ಜಿ. "ನನ್ ಸೊಸಿ ಕಲಿಯಾಕ ಹತ್ಯಾಳ. ನಾ ಹೋದ್ಮ್ಯಾಲ ಆಕಿಗೆ ಬೇಕಾಕ್ಕೈತಿ."

ಪೂರ್ತಿ ಬಂದಿದೆ, ಕ್ಯಾಸೆಟ್ ಮಾಡಿಸಿ ತಂದುಕೊಡುತ್ತೇನೆ ಎಂದೆ.

ನಿಲಯದಲ್ಲಿ ನಮಗೆ ಕಲಿಸಿದ್ದು ಒಂದೇ ಮಂತ್ರ: ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಕೇಳುಗ ರೇಡಿಯೊ ಆರಿಸುತ್ತಾನೆ. ಬ್ಲೇಡು ತೆಗೆದುಕೊಂಡು, ಅಜ್ಜಿ ಸುಮ್ಮನಿದ್ದ ಜಾಗಗಳನ್ನೆಲ್ಲ ಟೇಪಿನಿಂದ ಕೊಯ್ದೆ. ಸಾಲಿಗೆ ಸಾಲು ಅಂಟಿಸಿದೆ. ಕೊಯ್ದ ತುಂಡುಗಳು ಕಾಲಬುಡದ ಕಸದ ಬುಟ್ಟಿಗೆ ಹೋದವು. ಏನು ಕೈಚಳಕ ಎಂದು ಎಲ್ಲರೂ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಪ್ರಶಸ್ತಿ ಬಂದ ಗದ್ದಲದಲ್ಲಿ ಕ್ಯಾಸೆಟ್ಟಿನ ಮಾತು ಮರೆತೇ ಹೋಯಿತು.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡ ಸುದ್ದಿ ತಿಳಿದು, ರೂಪಕದ ಕ್ಯಾಸೆಟ್ ಹಿಡಿದು ಹೋದೆ. ಸೊಸೆ ತಬ್ಬಲಿ ಮರಿಯೊಂದನ್ನು ಬಗಲಲ್ಲಿಟ್ಟುಕೊಂಡು ಟೇಪ್‌ರೆಕಾರ್ಡರ್ ಹಚ್ಚಿದಳು. ಅತ್ತೆಯ ದನಿ ಕೇಳಿ ಕಣ್ಣೊರೆಸಿಕೊಂಡಳು. ಜೊತೆಗೇ ಹಾಡುತ್ತ ಮರಿಯನ್ನು ಕುರಿಯ ಹತ್ತಿರ ಬಿಟ್ಟಳು. ಕುರಿ ತಲೆ ಎತ್ತುವಷ್ಟರಲ್ಲಿ ಮುಂದಿನ ಸಾಲು, ಅದರ ಬೆನ್ನಿಗೇ ಮತ್ತೊಂದು. ಕುರಿ ಬೆದರಿ ಮರಿಯನ್ನು ಜಾಡಿಸಿ ಒದೆಯಿತು.

"ನಮ್ಮತ್ತಿ ಹಿಂಗ ಅವಸರ ಮಾಡ್ತಿದ್ದಿಲ್ರಿ ಸರ," ಎಂದಳು ಸೊಸೆ. "ಹಾಡು ನಂಗ ಬರ್ತೈತ್ರಿ. ಎಷ್ಟೊತ್ತು ತಡೀಬೇಕು ಅನ್ನಾದು ಗೊತ್ತಾಗ್ವಲ್ದು. ಆಕಿ ಸುಮ್ಕಿದ್ದದ್ದು ಎಲ್ಲೈತ್ರಿ?"

ಅಟ್ಟ ಮೇಲೆ ಒಲೆ ಉರಿದು ಏನು ಬಂತು? ಆ ತುಂಡುಗಳು ಎಂದೋ ಕಸಕ್ಕೆ ಹೋಗಿದ್ದವು.

"ಆಫೀಸಿನಾಗ ಐತಮ್ಮಾ, ಕಳಿಸ್ತೀನಿ," ಎಂದೆ.

ಆಕೆ ನಂಬಿದಳು. ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕುಡಿದು ಬಂದೆ.