ಅಜ್ಜನ ಕೊನೆಯ ಅಂಕಿ

ಬೆಳಗಿನ ಪಾಳಿಗೆ ಬಂದ ಕೂಡಲೇ ಆಕೆ ಮಾಡುತ್ತಿದ್ದ ಮೊದಲ ಕೆಲಸ ಅಜ್ಜನನ್ನು ಎಬ್ಬಿಸುವುದು. ಬಿಳಿ ಕೋಟು ತೊಟ್ಟು, ಮಣಿಕಟ್ಟಿಗೆ ಮೈಯ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿಯ ಪಟ್ಟಿ ಕಟ್ಟಿಕೊಂಡು, ಬೀರುವಿನಿಂದ ಒಂದು ಪುಟ್ಟ ಡಬ್ಬಿ ತೆಗೆಯುತ್ತಿದ್ದಳು. ಒಳಗೆ ಸ್ಪಂಜಿನ ಮೇಲೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಕಪ್ಪು ಚಿಪ್. ಅದೇ ಅಜ್ಜ. ಚಿಮಟದಲ್ಲಿ ಎತ್ತುವಾಗ ಪಕ್ಕದ ಮೇಜಿನವರು ಯಾರಾದರೂ ಕೇಳಿಯೇ ಕೇಳುತ್ತಿದ್ದರು:

"ಅಕ್ಕಾ, ಅಜ್ಜನಿಗೆ ನಿದ್ದೆ ಬಂತಂತಾ?"

"ನಿನಗಿಂತ ಮೊದ್ಲೇ ಎದ್ದಿದ್ದಾನೆ, ನಿನ್ ಕೆಲ್ಸ ನೋಡ್ಕೋ."

ಆ ಕಾರ್ಖಾನೆಯಲ್ಲಿ ತಯಾರಾಗುವ ಚಿಪ್‌ಗಳ ಕೆಲಸ ಒಂದೇ, ಎರಡೂವರೆ ವೋಲ್ಟ್ ಕೊಡುವುದು. ಹಿಮದಲ್ಲಿಟ್ಟರೂ ಅಷ್ಟೇ, ಕಾದ ಎಂಜಿನ್ ಪಕ್ಕದಲ್ಲಿಟ್ಟರೂ ಅಷ್ಟೇ. ಬೇರೆ ಸಲಕರಣೆಗಳು ಅದನ್ನು ನಂಬಿಕೊಂಡೇ ತಮ್ಮ ಅಳತೆ ಮಾಡುತ್ತವೆ. ಆದರೆ ಯಾವ ಚಿಪ್ ಕೂಡ ಹುಟ್ಟುವಾಗಲೇ ಹಾಗಿರುವುದಿಲ್ಲ. ಬಿಸಿ ತಾಗಿದರೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಅದಕ್ಕಾಗಿ ಪ್ರತಿಯೊಂದನ್ನೂ ಫ್ರಿಜ್‌ನಷ್ಟು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಮೊದಲು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡುತ್ತಾರೆ, ಆಮೇಲೆ ಕುದಿಯುವ ನೀರಿಗಿಂತ ಹೆಚ್ಚು ಕಾಯಿಸುತ್ತಾರೆ. ಎರಡೂ ಕಡೆ ಎಷ್ಟು ತಪ್ಪುತ್ತದೆಂದು ಅಳೆದು, ಚಿಪ್‌ನ ಒಳಗೆ ಕೂದಲಿಗಿಂತ ಸಣ್ಣದಾಗಿರುವ ಕೊಂಡಿಗಳಲ್ಲಿ ಬೇಕಾದವನ್ನು ಸುಟ್ಟು ಸರಿಪಡಿಸುತ್ತಾರೆ. ಸುಟ್ಟ ಕೊಂಡಿಯನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ಹಾಗಾಗಿ ಅಳೆಯುವ ಯಂತ್ರ ಸರಿಯಿರಬೇಕು. ಅದು ಸರಿಯಿದೆಯೇ ಎಂದು ಹೇಳುವವನು ಅಜ್ಜ. ಅವನ ಅಳತೆ ಎಲ್ಲರಿಗೂ ಗೊತ್ತು: ಕಾದ ಪೆಟ್ಟಿಗೆಯಲ್ಲಿ ಎರಡೂವರೆ ವೋಲ್ಟ್, ದಶಾಂಶದ ಕೊನೆಯ ಅಂಕಿ ಮೂರು. ಮೂರು ಬಂದರೆ ಯಂತ್ರ ಸರಿ, ಪಾಳಿ ಶುರು.

ಆ ಅಜ್ಜನನ್ನು ತಿದ್ದಿ ತೀಡಿದವರು ಆಕೆಯ ಗಂಡ. ಕಾರ್ಖಾನೆಯಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ಹೊಸಬರಿಗೆಲ್ಲ ಕೆಲಸ ಕಲಿಸುತ್ತಿದ್ದವರು ಅವರೇ. ಆಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪೆಟ್ಟಿಗೆಯ ಮೇಲಿನ ದೀಪ ಹಸಿರಾದ ಕೂಡಲೇ ಅಂಕಿ ಓದಿದ್ದಕ್ಕೆ ಬೈಸಿಕೊಂಡಿದ್ದಳು.

"ಪೆಟ್ಟಿಗೆ ಕಾದಿದೆ ಅಂದ್ರೆ ಒಳಗಿರೋದೂ ಕಾದಿದೆ ಅಂತ ಯಾರು ಹೇಳಿದ್ರು ನಿಮ್ಗೆ? ಸ್ವಲ್ಪ ತಾಳಿ."

"ಎಷ್ಟು ಹೊತ್ತು ತಾಳ್ಬೇಕು?"

"ಅಂಕಿ ಕುಣಿಯೋದು ನಿಲ್ಲಿಸೋವರೆಗೂ."

ಆ ತಾಳುವ ಹೊತ್ತಿನಲ್ಲಿ ಇಬ್ಬರೂ ಮಾತಾಡಲು ಕಲಿತರು. ಪೆಟ್ಟಿಗೆ ಬೇಗ ಬಿಸಿಯಾಗುವಂಥದ್ದಾಗಿದ್ದರೆ ಮೇಷ್ಟ್ರಿಗೆ ಮದುವೆಯೇ ಆಗುತ್ತಿರಲಿಲ್ಲ ಎಂಬುದು ಅಲ್ಲಿಯ ಹಳೆಯ ತಮಾಷೆ. ಮದುವೆಯಾದ ಮೇಲೂ ಮೇಷ್ಟ್ರು ಒಂದು ಪಾಠ ಬಿಡಲಿಲ್ಲ. ಬಂದದ್ದನ್ನು ಹೇಳು, ಬರಬೇಕಾದ್ದನ್ನು ಹೇಳಬೇಡ. ಇಷ್ಟು ವರ್ಷಗಳಲ್ಲಿ ಆಕೆ ಬಾರದ ಅಂಕಿಯನ್ನು ಒಮ್ಮೆಯೂ ಹೇಳಿರಲಿಲ್ಲ.

ಮೇಷ್ಟ್ರ ನೆನಪು ಹೋಗತೊಡಗಿದ್ದು ಮೊದಲು ಗೊತ್ತಾದದ್ದೂ ಆ ಪೆಟ್ಟಿಗೆಯ ಮುಂದೆಯೇ. ಒಂದು ದಿನ ಅದರ ಬಾಗಿಲ ಮುಂದೆ ನಿಂತವರು, ಇದನ್ನು ತೆಗೆಯುವುದು ಹೇಗೆ ಎಂದು ಅಲ್ಲಿದ್ದವರನ್ನು ಕೇಳಿದರು. ತಮಾಷೆ ಮಾಡುತ್ತಿದ್ದಾರೆಂದು ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಈಗ ಅವರು ಮನೆಯಲ್ಲೇ ಇರುತ್ತಾರೆ. ಹಗಲು ಅವರನ್ನು ನೋಡಿಕೊಳ್ಳುವವಳು ಅವರ ತಂಗಿ. ಬಾಯಿ ಜೋರು, ಕೈ ಮೆದು. ಸಂಜೆ ಅತ್ತಿಗೆ ಬಾಗಿಲು ದಾಟುವಷ್ಟರಲ್ಲಿ ವರದಿ ಒಪ್ಪಿಸುತ್ತಾಳೆ.

"ಅತ್ತಿಗೆ, ಅಣ್ಣ ಇವತ್ತು ಚಪ್ಪಲಿಗೆ ಟೆಸ್ಟಿಂಗ್ ಮಾಡಿದ್ದಾನೆ. ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಾಗಿದೆ, ಇನ್ನು ಒಲೆ ಮೇಲಿಡೋದೊಂದು ಬಾಕಿ."

ಮೇಷ್ಟ್ರಿಗೆ ತಂಗಿಯ ಹೆಸರು ಮರೆತಿತ್ತು. ಬಚ್ಚಲಿನ ದಾರಿ ಮರೆತಿತ್ತು. ಒಂದೇ ಒಂದು ಉಳಿದಿತ್ತು. ಸಂಜೆ ಹೆಂಡತಿ ಚೀಲ ಕೆಳಗಿಡುವುದನ್ನೇ ಕಾಯುತ್ತಿದ್ದು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು:

"ಏನೇ, ಇವತ್ತು ಅಜ್ಜ ಎಷ್ಟು ಕೊಟ್ಟ?"

"ಮೂರು."

"ಹಾಗಾದ್ರೆ ಸರಿ."

ಅಷ್ಟಾದ ಮೇಲೆಯೇ ಊಟ. ಆ ಒಂದು ಮಾತಿನಷ್ಟು ಹೊತ್ತು ಅವರಿಗೆ ಆಕೆ ಯಾರೆಂದು ಗೊತ್ತಿರುತ್ತಿತ್ತು. ಆಕೆ ದಿನವಿಡೀ ಕಾಯುತ್ತಿದ್ದದ್ದು ಅದಕ್ಕೇ.

ಒಂದು ಬೆಳಿಗ್ಗೆ ಅಜ್ಜ ಐದು ಕೊಟ್ಟ.

ಆಕೆ ಕಾದಳು. ಮತ್ತೆ ಐದು. ಮ್ಯಾನೇಜರ್ ಬಂದರು. ಆಕೆಗಿಂತ ವಯಸ್ಸಿನಲ್ಲಿ ಚಿಕ್ಕವರು, ಮೇಷ್ಟ್ರ ಹತ್ತಿರವೇ ಕೆಲಸ ಕಲಿತವರು. "ಅಕ್ಕಾ, ಅಜ್ಜನಿಗೇ ವಯಸ್ಸಾಯ್ತೇನೋ?" ಎಂದರು.

"ವಯಸ್ಸಾಗಿರೋದು ಯಂತ್ರಕ್ಕೆ ಸಾರ್. ಅಜ್ಜನ ಸುದ್ದಿಗೆ ಬರ್ಬೇಡಿ."

ಸಾಕೆಟ್ಟಿನ ಪಿನ್ನುಗಳನ್ನು ಒರೆಸಿದರು. ಕೇಬಲ್ ಬದಲಿಸಿದರು. ಐದು ಐದಾಗಿಯೇ ಇತ್ತು. ಆಕೆ ಪಟ್ಟು ಬಿಡಲಿಲ್ಲ, ಆಕೆಯ ಮಾತನ್ನು ತಳ್ಳಿಹಾಕಲು ಯಾರಿಗೂ ಕಾರಣವಿರಲಿಲ್ಲ. ಇಷ್ಟು ವರ್ಷ ತಪ್ಪಿದ್ದೆಲ್ಲ ಯಂತ್ರವೇ. ಕೊನೆಗೆ ಅಜ್ಜ ಮೂರು ತೋರಿಸುವವರೆಗೆ ಯಂತ್ರದ ತಿರುಪು ತಿರುಗಿಸಿದರು. ಅಂದು ಇಡೀ ದಿನದ ಚಿಪ್‌ಗಳಿಗೆ ಆ ಯಂತ್ರದ ಲೆಕ್ಕದಲ್ಲೇ ಕೊಂಡಿ ಸುಟ್ಟರು. ಸಂಜೆ ಮನೆಯಲ್ಲಿ ಆಕೆ "ಮೂರು" ಎಂದಳು. ಬಂದದ್ದನ್ನೇ ಹೇಳಿದ್ದಳು.

ಮರುದಿನ ಹೊರಗಿನ ಪ್ರಯೋಗಾಲಯದಲ್ಲಿ ಅಳೆಸಿದ ಇನ್ನೊಂದು ಮಾದರಿ ಚಿಪ್ ಬಂತು. ಅದನ್ನಿಟ್ಟು ನೋಡಿದಾಗ, ತಿರುಪು ಮುಟ್ಟುವ ಮೊದಲು ಯಂತ್ರ ಸರಿಯಾಗಿಯೇ ಇತ್ತೆಂದು ತಿಳಿಯಿತು. ಹಿಂದಿನ ದಿನದ ಮಾಲೆಲ್ಲ ಎರಡೆರಡು ಅಂಕಿ ಮೇಲಿತ್ತು. ಟ್ರೇಗಳನ್ನು ಒಂದೊಂದಾಗಿ ಗುಜರಿ ಡಬ್ಬಕ್ಕೆ ಸುರಿಯುವಾಗ ಆಕೆ ಪಕ್ಕದಲ್ಲೇ ನಿಂತಿದ್ದಳು.

"ನಾವೆಲ್ಲಾ ಅಜ್ಜನನ್ನೇ ನಂಬಿದ್ವಿ, ಬಿಡಿ ಅಕ್ಕಾ," ಎಂದರು ಮ್ಯಾನೇಜರ್.

"ಇನ್ನೊಂದು ಸಲ ನೋಡ್ತೀನಿ ಸಾರ್. ಒಂದೇ ಸಲ."

ಯಂತ್ರದ ತಿರುಪನ್ನು ಮೊದಲಿದ್ದಲ್ಲಿಗೇ ತಂದರು. ತಣ್ಣಗಿನ ಪೆಟ್ಟಿಗೆಯಲ್ಲಿ ಅಜ್ಜ ಸರಿಯಾಗಿಯೇ ಇದ್ದ. ಕಾಯಿಸಿದರು. ದೀಪ ಹಸಿರಾಯಿತು. ಆಕೆ ತಾಳಿದಳು, ಎಂದಿಗಿಂತ ಹೆಚ್ಚು ತಾಳಿದಳು. ಅಂಕಿ ಕುಣಿಯುವುದು ನಿಂತಿತು. ಐದಲ್ಲ, ಆರು.

ಕಾರಣ ಗೂಢವೇನಲ್ಲ. ಮಾರಾಟಕ್ಕೆ ಹೋಗುವ ಚಿಪ್ ಈ ಚಳಿ, ಈ ಬೆಂಕಿಯನ್ನು ಕಾಣುವುದು ಒಮ್ಮೆ. ಅಜ್ಜ ದಿನವೂ ಕಂಡಿದ್ದ. ದಿನವೂ ಒಳಗೆ ಕಳಿಸಿದವಳು ಆಕೆ.

ತಪ್ಪಿದ ಮಾದರಿಯನ್ನು ಇಬ್ಬರ ಎದುರು ಒಡೆಯಬೇಕೆಂಬುದು ಅಲ್ಲಿಯ ನಿಯಮ. ಮ್ಯಾನೇಜರ್ ದನಿ ತಗ್ಗಿಸಿದರು. "ಮನೆಗೆ ತಗೊಂಡ್ಹೋಗಿ ಅಕ್ಕಾ. ನಾನು ಆ ಕಡೆ ತಿರುಗಿರ್ತೀನಿ."

"ಕೈತಪ್ಪಿ ಮತ್ತೆ ಯಾವ್ದಾದ್ರೂ ಯಂತ್ರಕ್ಕೆ ಸೇರ್ಕೊಂಡ್ರೆ? ಬೇಡ ಸಾರ್, ಇಕ್ಕಳ ಕೊಡಿ."

ಆಕೆಯೇ ಒಡೆದಳು. ಅಂಥ ದೊಡ್ಡ ಸದ್ದೇನೂ ಆಗಲಿಲ್ಲ.

ಸಂಜೆ ಆಕೆ ಚೀಲ ಕೆಳಗಿಟ್ಟಳು. ಕುರ್ಚಿಯಿಂದ ಪ್ರಶ್ನೆ ಬಂತು. ಆಕೆ ಬಂದದ್ದನ್ನೇ ಹೇಳಿದಳು.

"ಅದನ್ನ ತೆಗೆದ್ಬಿಟ್ರು ರೀ. ತಪ್ಪು ಕೊಡ್ತಿತ್ತು."

ಮೇಷ್ಟ್ರು ತಮ್ಮ ಅಂಗೈ ನೋಡಿಕೊಂಡರು. "ಯಾರು ಮಾಡಿದ್ದು ಅದನ್ನ?"

"ಮೇಷ್ಟ್ರು," ಎಂದಳು. ಆ ಹೆಸರಿಗಾದರೂ ತಿರುಗಿ ನೋಡಿಯಾರು ಎಂದುಕೊಂಡಿದ್ದಳು.

"ಪಾಪ," ಎಂದರು ಅವರು. ಆಮೇಲೆ ಆಕೆಯ ಕಡೆ ಬಾಗಿ, ಗುಟ್ಟು ಹೇಳುವವರಂತೆ ಹೇಳಿದರು: "ಅವರಿಗೆ ಹೇಳೋಕೆ ಹೋಗ್ಬೇಡೀಮ್ಮಾ. ತುಂಬಾ ಬೇಜಾರು ಮಾಡ್ಕೋತಾರೆ."

ಮದುವೆಯಾದ ಮೇಲೆ ಅವರು ಆಕೆಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು.

"ಹೇಳಲ್ಲ," ಎಂದಳು ಆಕೆ.

ಅಂದು ಅವರು ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆ ಬೀರುವಿನಿಂದ ಹೊಸ ಮಾದರಿಯನ್ನು ತೆಗೆದಳು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಪಕ್ಕದ ಮೇಜಿನವರು ಏನೂ ಕೇಳಲಿಲ್ಲ. ಅದರ ಕೊನೆಯ ಅಂಕಿ ಒಂದು. ಒಂದೇ ಬಂತು.

ಸಂಜೆ ಕುರ್ಚಿಯಲ್ಲಿದ್ದವರು ತಲೆಯೆತ್ತಿ, ಮನೆಗೆ ಬಂದ ಹೊರಗಿನವರನ್ನು ಕೇಳುವ ಸಂಕೋಚದಲ್ಲಿ ಕೇಳಿದರು.

"ಇವತ್ತು ಅಜ್ಜ ಎಷ್ಟು ಕೊಟ್ಟನಮ್ಮಾ?"

ಆಕೆ ಸ್ವಲ್ಪ ತಾಳಿದಳು.

"ಮೂರು."

"ಹಾಗಾದ್ರೆ ಸರಿ," ಎಂದು ಮೇಷ್ಟ್ರು ತಟ್ಟೆಯನ್ನು ಹತ್ತಿರ ಎಳೆದುಕೊಂಡರು.