ಗುಳಿಗನಿಗೆ ಗುಳಿಗೆ

ನನ್ನ ಅತ್ತೆಯ ಜೊತೆ ವಾದಕ್ಕೆ ನಿಂತವರಿಗೆ ಒಂದು ಕಷ್ಟವಿತ್ತು. ಆಕೆ ಸಾಕ್ಷ್ಯ ಕೇಳುತ್ತಿರಲಿಲ್ಲ, ತಾನೇ ತಯಾರಿಸುತ್ತಿದ್ದಳು.

2005ರ ಆಚೀಚೆ ನಾನು ಕುಂದಾಪುರದ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದ ಹುಡುಗಿ. ಮನೆಯಲ್ಲಿ ದೊಡ್ಡಪ್ಪ ನಿದ್ದೆಯಲ್ಲಿ ಕೂಗುತ್ತ, ಕೈಕಾಲು ಬೀಸುತ್ತ, ಪಕ್ಕದಲ್ಲಿ ಮಲಗಿದ ದೊಡ್ಡಮ್ಮನಿಗೆ ಹೊಡೆಯುತ್ತಿದ್ದರು. ಬೆಳಿಗ್ಗೆ ಆಕೆಯ ಊದಿದ ಕೆನ್ನೆ ಕಂಡು, "ಎಲ್ಲಿ ಬಿದ್ದದ್ದ್ ನೀನ್?" ಎಂದು ಕೇಳುವವರೂ ಅವರೇ. ನಿದ್ದೆಯಲ್ಲಿ ಅವರ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, "ಹರಿತ್ತ್, ಹರಿತ್ತ್, ಬಿಡ್ಬೇಡಿ."

ದೊಡ್ಡಪ್ಪ ಮೈಯಲ್ಲಿ ಕಸುವಿರುವಷ್ಟು ಕಾಲ ಕಡಲಲ್ಲಿ ಬಲೆ ಎಳೆದವರು. ಅಂಥವರ ಕನಸಿನಲ್ಲಿ ಹರಿಯುವುದು ಏನೆಂದು ಯಾರಾದರೂ ಬಿಡಿಸಿ ಹೇಳಬೇಕೆ? ಅವರ ಅಕ್ಕನಾದ ನನ್ನ ಅತ್ತೆ ಹೇಳಿದಳು. ಅದು ಮನೆಯ ಗುಳಿಗ ದೈವದ ನುಡಿಯಂತೆ. ಹರಿಯುವುದು ಬಲೆಯಲ್ಲ, ಸಂಸಾರವಂತೆ. ಅದನ್ನು ಹರಿಯುತ್ತಿರುವವಳು ದೊಡ್ಡಮ್ಮನಂತೆ. ಆಕೆ ಬೇರೆ ಕೋಣೆಯಲ್ಲಿ ಮಲಗಿದರೆ ತಪ್ಪು ಒಪ್ಪಿಕೊಂಡ ಹಾಗೆ. ಹೀಗೆ, ಪೆಟ್ಟು ತಿನ್ನುವವಳಿಗೇ ಚಾಪೆಯ ಜಾಗ ಬದಲಿಸುವ ಹಕ್ಕಿಲ್ಲವೆಂದಾಯಿತು.

ದೊಡ್ಡಪ್ಪನನ್ನು ಪರೀಕ್ಷಿಸಿದ ನರರೋಗದ ಡಾಕ್ಟರು ತಿಳಿಸಿದ್ದನ್ನು ಒಂದು ದಿನ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೆದುರು ಹೇಳಿದೆ. ಮೆದುಳಿನ ಬುಡದಲ್ಲಿ, ಅದು ಬೆನ್ನುಹುರಿಗೆ ಸೇರುವ ಕಡೆ, ಕೆಲವು ನರಕೋಶಗಳಿವೆ. ಕನಸಿನ ನಿದ್ದೆ ಶುರುವಾಗುವುದೂ ನಿಲ್ಲುವುದೂ ಅವುಗಳ ಕೈಯಲ್ಲಿ. ಅಲ್ಲಿಯದೇ ಇನ್ನೊಂದು ಗುಂಪು, ಕನಸು ಶುರುವಾಗುತ್ತಲೇ ಕಣ್ಣು ಮತ್ತು ಉಸಿರನ್ನು ಬಿಟ್ಟು ಮೈಗೆಲ್ಲ ಬೀಗ ಹಾಕುತ್ತದೆ. ಆ ಗುಂಪು ಕೆಟ್ಟರೆ ಕನಸಿನಲ್ಲಿ ಬಲೆ ಎಳೆಯುವವನು ಚಾಪೆಯ ಮೇಲೂ ಎಳೆಯುತ್ತಾನೆ. ಗುಳಿಗೆ ಬರೆದುಕೊಟ್ಟಿದ್ದಾರೆ, ಬೇರೆ ಬೇರೆ ಮಲಗಬೇಕು ಎಂದಿದ್ದಾರೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಗುಳಿಗನಿಗೆ ಗುಳಿಗೆ ಕೊಡ್ತ್ಯಾ ಹೆಣೆ?" ಎಂದಳು.

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ಆ ನಗು ನೆನಪಾದರೆ ನನಗೆ ಇವತ್ತಿಗೂ ಹೇಸಿಗೆ.

ಎದುರಾಳಿಯ ಮಾತನ್ನು ಒಪ್ಪಿಕೊಂಡು, ಅದರೊಳಗೇ ಅವರನ್ನು ಕೂಡಿಹಾಕುವುದನ್ನು ಚರ್ಚಾಕೂಟದಲ್ಲಿ ಕಲಿತಿದ್ದೆ.

"ಆಯ್ತ್ ಅತ್ತೆ, ನುಡಿಯೇ. ಹಾಂಗಾರೆ ಹತ್ರ ಇದ್ದ್ ಕೇಂಬುದ್ ಯಾರ್? ದೊಡ್ಡಮ್ಮ ಹೊರಗಿಂದ ಬಂದವ್ರ್. ನೀವ್ ಈ ಮನೆ ಮಗಳ್. ನೀವೇ ಅವ್ರ್ ಬದೀಗ್ ಚಾಪೆ ಹಾಕಿ."

"ನಂಗ್ ಸೊಂಟ ನೋವ್."

"ದೈವದ ಎದ್ರಿಗೂ ಸೊಂಟ ನೋವಾ?"

"ನಿನ್ನ್ ನಾಲ್ಗಿಗ್ ಹುಳ ಬೀಳ್ಲಿ."

ಶಾಪ ಹಾಕಿದಳೇ ಹೊರತು ಹಿಂದೆ ಸರಿಯಲು ಅವಳಿಂದಾಗಲಿಲ್ಲ. ಮನೆಯವರೆಲ್ಲ ಕೇಳಿಸಿಕೊಂಡಾಗಿತ್ತು.

ಮರುದಿನ ಚಾ ಕುಡಿಯಲು ಬಂದ ಅತ್ತೆಯ ಮೂಗು ಮುರುಗಲ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನನಗೇನೂ ಕರುಣೆ ಬರಲಿಲ್ಲ.

"ಎಂತ ನುಡಿ ಆಯ್ತ್ ಅತ್ತೆ?"

"ನಿನ್ನ್ ಅಧಿಕಪ್ರಸಂಗಕ್ಕೆ ದೈವಕ್ಕೆ ಸಿಟ್ಟ್ ಬಂದದ್ದ್."

ಮೂಗು ಒತ್ತಿಕೊಳ್ಳುತ್ತಲೇ ಹೊಸ ಅಪ್ಪಣೆ ಹೊರಡಿಸಿದಳು. ಇನ್ನು ಮೇಲೆ ದೊಡ್ಡಪ್ಪ ಚಾವಡಿಯಲ್ಲಿ ಒಬ್ಬರೇ ಮಲಗಬೇಕು, ಯಾರೂ ಹತ್ತಿರ ಸುಳಿಯಕೂಡದು, ದೈವಕ್ಕೆ ಅದೇ ಬೇಕಂತೆ. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ಲವೇ ಎನ್ನಲು ನಾನು ಬಾಯಿ ತೆರೆದೆ.

ದೊಡ್ಡಮ್ಮ ಚಾ ಲೋಟ ನನ್ನ ಕೈಗೆ ತುರುಕಿದಳು. "ಗೆದ್ದದ್ದ್ ಸಾಕ್. ಈಗ ಬಾಯ್ ಮುಚ್ಚ್."

ತನ್ನ ಚಾಪೆ ಸುರುಟಿಕೊಂಡು ಒಳಕೋಣೆಗೆ ನಡೆದಳು. ಬಿಸಿಲು ಅಂಗಳಕ್ಕೆ ಇಳಿಯುತ್ತಿದ್ದ ಹೊತ್ತಿನಲ್ಲೇ ಒಳಗಿಂದ ಚಿಲಕ ಹಾಕಿಕೊಂಡು ಮಲಗಿದಳು.